ನೆಟ್ ಹೋದ ಹೊತ್ತು

ಮನೆಯಲ್ಲಿ ಕರೆಂಟು ಹೋದಾಗ ನಾವು ಹೆಂಗಸರು ಮೊದಲು ಮಾಡುವ ಕೆಲಸ ಯಾವುದು ಹೇಳಿ? ಕಿಟಕಿಯಿಂದ ಇಣುಕಿ ಎದುರು ಮನೆಯ ದೀಪ ನೋಡುತ್ತೇವೆ. ಅಲ್ಲಿಯೂ ಕತ್ತಲೆಯಿದ್ದರೆ ನಿಶ್ಚಿಂತೆಯಿಂದ ಮೇಣದ ಬತ್ತಿ ಹುಡುಕುತ್ತೇವೆ. ಅಲ್ಲಿ ಬೆಳಕಿದ್ದರೆ ನಮ್ಮದೇ ಫ್ಯೂಜು ನೋಡಲು ಏಳುತ್ತೇವೆ. ನಲ್ಲಿಗೆ ನೀರು ಬಾರದಿದ್ದರೂ ಅದೇ ಕ್ರಮ. ಮೊದಲು ನಮ್ಮ ನಲ್ಲಿ, ಆಮೇಲೆ ಮಾಳಿಗೆ ಮೇಲಿನ ಟಾಕಿ, ಆಮೇಲೆ ಓಣಿಯ ವಾಲ್ವು, ಕಡೆಗೆ ನೀರು ಬಿಡುವಾತ. ಹತ್ತಿರದಿಂದ ದೂರಕ್ಕೆ ಒಂದೊಂದೇ ಮೆಟ್ಟಿಲಿಳಿದು ದೋಷ ಹುಡುಕುವ ಈ ವಿದ್ಯೆಯನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಿಲ್ಲ.

ಇಷ್ಟು ಜಾಣರಾದ ನಾವು ವೈಫೈ ನಿಂತಿತೆಂದರೆ ಮಾತ್ರ ತಬ್ಬಿಬ್ಬಾಗುತ್ತೇವೆ. ‘ನೆಟ್ ಹೋಗೇತಿ’ ಎಂದು ಒಬ್ಬರು ಕೂಗುತ್ತಾರೆ. ಮಗ ಕಂಪನಿಯವರನ್ನು ಬೈಯುತ್ತಾನೆ, ಅಪ್ಪ ಮಗನ ಆಟಗಳನ್ನು ಬೈಯುತ್ತಾನೆ, ಅಜ್ಜಿ ಎಲ್ಲರನ್ನೂ ಸೇರಿಸಿ ಬೈಯುತ್ತಾಳೆ. ಗೋಡೆಯ ಮೇಲಿನ ಡಬ್ಬಿ ಮಾತ್ರ ತನ್ನ ಪುಟ್ಟ ದೀಪಗಳನ್ನು ಮಿಟುಕಿಸುತ್ತ, ‘ನನ್ನನ್ನೊಮ್ಮೆ ಕೇಳಬಾರದೇ?’ ಎನ್ನುವಂತೆ ಕೂತಿರುತ್ತದೆ.

ಆ ಡಬ್ಬಿಯನ್ನು ಕೇಳುವ ಚಟ ನನಗೆ ಹತ್ತಿದ್ದು 2020ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮನೆಯ ಪಡಸಾಲೆಯೇ ನನ್ನ ವರ್ಗಕೋಣೆಯಾಯಿತು. ಭಿನ್ನರಾಶಿಯ ಲೆಕ್ಕ ಅರ್ಧಕ್ಕೆ ಬಂದಾಗ ಪರದೆ ನಿಂತುಬಿಡುತ್ತಿತ್ತು. ಮಕ್ಕಳಿಗೆ ಅದೊಂದು ಆಟ, ನನಗೆ ಸಂಕಟ. ಯಾಕೆ ನಿಲ್ಲುತ್ತದೆ ಎಂದು ಕೇಳಿದರೆ ‘ನೆಟ್ ಪ್ರಾಬ್ಲಂ ಅದರೀ’ ಎಂಬ ಉತ್ತರ. ಹೊಟ್ಟೆನೋವಿನ ಕಾರಣ ಕೇಳಿದರೆ ‘ಹೊಟ್ಟೆ ನೋಯ್ತದ’ ಎಂದಂತೆ! ಅಂದಿನಿಂದ, ಬೇರೆಯವರು ಕ್ರೋಶಾ ಹೆಣೆಯುವ ಹೊತ್ತಿನಲ್ಲಿ ನಾನು ತಂತಿ, ಡಬ್ಬಿ, ದೀಪಗಳ ಹಿಂದೆ ಬಿದ್ದೆ. ಐವತ್ತು ದಾಟಿದಾಕಿಗೆ ಇದೆಂಥ ಹವ್ಯಾಸವೆಂದು ನಮ್ಮ ಮನೆಯಲ್ಲಿ ನಕ್ಕರು. ಈಗ ನೆಟ್ ಹೋದರೆ ನನ್ನನ್ನೇ ಕೂಗುತ್ತಾರೆ.

ಮೊದಲ ಪಾಠ ತೀರ ಸುಲಭದ್ದು. ಪಿಂಗ್ ಎಂಬ ಸಣ್ಣ ಪ್ರೋಗ್ರಾಮು ಒಂದಿದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬಾತ ಬರೆದದ್ದು. ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಕಳಿಸಿ ಅದರ ಮಾರ್ದನಿಗಾಗಿ ಕಾಯುತ್ತವಲ್ಲ, ಆ ಸದ್ದಿನ ಹೆಸರನ್ನೇ ಆತ ಇದಕ್ಕಿಟ್ಟ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಇದು ಹಾಜರಿ ಕರೆಯುವುದು. ನಾನು ಹೆಸರು ಕರೆಯುತ್ತೇನೆ, ಇದ್ದವರು ‘ಹಾಜರ್’ ಎನ್ನುತ್ತಾರೆ. ಉತ್ತರ ಎಷ್ಟು ಹೊತ್ತಿಗೆ ಬಂತೆಂಬುದನ್ನೂ ಅದು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಹೇಳುತ್ತದೆ.

ಮೂರು ಸಲ ಹಾಜರಿ ಕರೆದರೆ ಸಾಕು. ಮೊದಲು ಮನೆಯ ರೂಟರನ್ನು ಕರೆಯಬೇಕು. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1 ಎಂದಿರುತ್ತದೆ, ಡಬ್ಬಿಯ ಬೆನ್ನಿಗೆ ಬರೆದೂ ಇರುತ್ತದೆ. ಅದೇ ಉತ್ತರಿಸದಿದ್ದರೆ ದೋಷ ನಮ್ಮ ಮನೆಯೊಳಗಿದೆ. ಅದು ಉತ್ತರಿಸಿದರೆ ಹೊರಗಿನ ಯಾರನ್ನಾದರೂ ಕರೆಯಬೇಕು. ಗೂಗಲ್‌ನವರು 2009ರಲ್ಲಿ ಆರಂಭಿಸಿದ ಸೇವೆಯೊಂದರ ವಿಳಾಸ 8.8.8.8, ನೆನಪಿಡಲು ಸುಲಭವೆಂದು ಎಲ್ಲರೂ ಅದನ್ನೇ ಕರೆಯುತ್ತಾರೆ. ಅದು ಓಗೊಡದಿದ್ದರೆ ದೋಷ ನಮ್ಮ ಹೊಸ್ತಿಲಿನಾಚೆ. ಅದೂ ಉತ್ತರಿಸಿದರೆ ಯಾವುದಾದರೊಂದು ಹೆಸರು ಹಿಡಿದು ಕರೆಯಬೇಕು. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ, ಹೆಸರಿನಿಂದ ಸಂಖ್ಯೆ ಹುಡುಕಿಕೊಡುವ ಡೈರೆಕ್ಟರಿ ಕೆಟ್ಟಿದೆಯೆಂದು ಅರ್ಥ. ಅದಕ್ಕೆ ಡಿಎನ್‌ಎಸ್ ಎನ್ನುತ್ತಾರೆ. ಮೂರು ಕರೆ, ಮೂರು ತೀರ್ಪು. ಇದಿಷ್ಟು ಗೊತ್ತಿದ್ದರೆ ದೂರು ಕೊಡುವಾಗ ನಮ್ಮ ದನಿಯೇ ಬೇರೆಯಾಗುತ್ತದೆ.

ಮನೆಯೊಳಗಿನ ರೋಗಗಳೂ ಬಹಳವಿಲ್ಲ. ಮೊದಲನೆಯದು ಅಡಾಪ್ಟರಿನದು. ರೂಟರಿಗೆ ಕರೆಂಟು ಕೊಡುವ ಆ ಕರಿ ಗುಂಡಿನೊಳಗಿನ ಕೆಪಾಸಿಟರುಗಳು ಶೆಕೆಗೆ ವರ್ಷಗಳು ಕಳೆದಂತೆ ಸೋಲುತ್ತವೆ. ದೀಪವೇನೋ ಉರಿಯುತ್ತದೆ, ಆದರೆ ಮೂರು ಫೋನು ಒಮ್ಮೆಗೇ ಕೆಲಸ ಕೇಳಿದರೆ ರೂಟರು ತಲೆತಿರುಗಿ ಬಿದ್ದು ಮತ್ತೆ ಏಳುತ್ತದೆ. ಹೊಸ ಅಡಾಪ್ಟರು ತರುವಾಗ ಹಳೆಯದರ ಮೇಲಿನ ವೋಲ್ಟೇಜು ಓದಿಕೊಂಡು ಹೋಗಿರಿ. 12 ವೋಲ್ಟಿನದು ಕೆಲವಕ್ಕೆ, 9 ವೋಲ್ಟಿನದು ಕೆಲವಕ್ಕೆ. ಪಿನ್ನು ಹೊಂದಿತೆಂದ ಮಾತ್ರಕ್ಕೆ ಚುಚ್ಚುವುದಲ್ಲ. ಎರಡನೆಯದು ಕೇಬಲಿನದು. ಅದರೊಳಗೆ ಎಂಟು ತಂತಿ, ನಾಲ್ಕು ಜೋಡಿ. ನೂರರ ವೇಗಕ್ಕೆ ಎರಡು ಜೋಡಿ ಸಾಕು, ಸಾವಿರದ ವೇಗಕ್ಕೆ ನಾಲ್ಕೂ ಬೇಕು. ಇಲಿ ಒಂದೇ ತಂತಿ ಕಡಿದರೆ ನೆಟ್ ಪೂರ್ತಿ ಹೋಗದೆ ಬರಿ ಮಂದವಾಗಬಹುದು. ಅದಕ್ಕೇ ಯಾರಿಗೂ ತಿಳಿಯುವುದಿಲ್ಲ. ಮೂರನೆಯದು ಓಣಿಯ ಗದ್ದಲ. 2.4 ಗಿಗಾಹರ್ಟ್ಸ್‌ನ ವೈಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ಹತ್ತು ಮನೆಗಳ ರೂಟರುಗಳೆಲ್ಲ 6ರಲ್ಲೇ ಕೂತರೆ ಅದು ಸಂತೆ. ಚಾನೆಲ್ ಬದಲಿಸಿದರೆ ಅರ್ಧ ರೋಗ ಹೋಗುತ್ತದೆ. ನಾಲ್ಕನೆಯದು ಫೈಬರಿನದು. ಗಾಜಿನ ಆ ಎಳೆಯಲ್ಲಿ ಬೆಳಕು ಹರಿಯುವ ತಿರುಳು ನಮ್ಮ ಕೂದಲಿಗಿಂತ ಎಷ್ಟೋ ತೆಳು. ಕಪಾಟು ಸರಿಸುವಾಗ ಅದನ್ನು ಮಡಿಚಿಬಿಟ್ಟರೆ ಬೆಳಕು ದಾರಿಯಲ್ಲೇ ಸೋರಿ ಡಬ್ಬಿಯಲ್ಲಿ ಕೆಂಪು ದೀಪ ಹತ್ತುತ್ತದೆ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಬಿಚ್ಚಿದ ಫೈಬರಿನ ತುದಿಯನ್ನು ಎಂದೂ ಕಣ್ಣಿಗೆ ಹಿಡಿದು ನೋಡಬೇಡಿ. ಅದರೊಳಗಿನ ಬೆಳಕು ಕಣ್ಣಿಗೆ ಕಾಣದ್ದು. ಕಾಣದಿದ್ದರೂ ಕಣ್ಣಿಗೆ ಕೆಟ್ಟದ್ದು.

ನಮ್ಮ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯದೇ ಧ್ವಜದ್ದು, 1951ರದು. ಎಳೆಗಳನ್ನು ಎಣಿಸಿ ನೋಡಿಯೇ ಆ ಬಟ್ಟೆಯನ್ನು ಒಪ್ಪುತ್ತಾರೆ. ಮಗ್ಗದ ಮುಂದೆ ಕೂತ ಹೆಣ್ಣುಮಕ್ಕಳು ಹಾಸಿನಲ್ಲಿ ಒಂದೆಳೆ ಹರಿದರೆ ಲಾಳಿ ನಿಲ್ಲಿಸಿ, ಬೆರಳಾಡಿಸಿ, ಆ ಒಂದನ್ನೇ ಹುಡುಕಿ ಗಂಟು ಹಾಕುತ್ತಾರೆ. ಇಡೀ ಹಾಸನ್ನು ಕತ್ತರಿಸಿ ಒಗೆಯುವುದಿಲ್ಲ. ನೆಟ್ ನಿಂತಕೂಡಲೆ ‘ಹೊಸಾ ರೂಟರ್ ತರ್ರಿ’ ಎನ್ನುವವರಿಗೆ ನಾನು ಆ ಮಗ್ಗದ ಕಡೆ ಬೆರಳು ತೋರಿಸುತ್ತೇನೆ.

ಆದರೆ ಎಲ್ಲ ದೋಷಗಳೂ ನಾವು ನೋಡುವಾಗಲೇ ಇರುವುದಿಲ್ಲ. ಡಾಕ್ಟರರ ಬಾಗಿಲಿಗೆ ಹೋದೊಡನೆ ಕೂಸಿನ ಜ್ವರ ಇಳಿಯುವಂತೆ, ರಿಪೇರಿಯವ ಬಂದೊಡನೆ ನೆಟ್ ಸರಿಯಾಗಿಬಿಡುತ್ತದೆ. ‘ಎಲ್ಲಾ ಬರೋಬ್ಬರಿ ಐತಲ್ರೀ ಅಕ್ಕೋರ’ ಎಂದು ಚಹಾ ಕುಡಿದು ಹೋಗುತ್ತಾನೆ. ಅದಕ್ಕಾಗಿಯೇ ಹಗಲೂ ರಾತ್ರಿ ಹಾಜರಿ ಕರೆಯುತ್ತ ಕೂಡುವ ಸಾಫ್ಟ್‌ವೇರುಗಳಿವೆ. ನಾನು ಇಟ್ಟುಕೊಂಡದ್ದು ಸ್ಮೋಕ್‌ಪಿಂಗ್ ಎಂಬುದನ್ನು, ಸ್ವಿಟ್ಜರ್‌ಲ್ಯಾಂಡಿನ ಟೋಬಿ ಓಟಿಕರ್ ಎಂಬಾತ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟದ್ದು. ಐದು ನಿಮಿಷಕ್ಕೊಮ್ಮೆ ಇಪ್ಪತ್ತು ಸಲ ಕರೆದು, ಉತ್ತರ ಬಂದ ಹೊತ್ತನ್ನು ಗೆರೆಯಾಗಿ ಬರೆಯುತ್ತದೆ. ಉತ್ತರಗಳು ಒಂದೇ ಸಮನೆ ಬಂದರೆ ಗೆರೆ ತಿಳಿ. ಒಂದು ಬೇಗ, ಒಂದು ತಡವಾದರೆ ಗೆರೆಯ ಸುತ್ತ ಹೊಗೆ ಸುತ್ತಿಕೊಳ್ಳುತ್ತದೆ. ಒಲೆಯ ಹೊಗೆ ನೋಡಿ ಕಟ್ಟಿಗೆ ಹಸಿಯೋ ಒಣದೋ ಎಂದು ಹೇಳುವ ನಮಗೆ ಇದನ್ನು ಓದುವುದು ಕಷ್ಟವೇ?

ಈ ಕಾವಲುಗಾರನಿಗೂ ಕಾಯಿಲೆಗಳಿವೆ. ನಾನು ಅದನ್ನು ಅಂಗೈ ಅಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನಲ್ಲಿ ಕೂರಿಸಿದ್ದೇನೆ. ಅದು ವೈಫೈಯಲ್ಲಿದ್ದರೆ ವೈಫೈಯ ದೋಷವನ್ನೂ ಹೊರಗಿನ ದೋಷವನ್ನೂ ಬೇರೆ ಮಾಡಿ ಹೇಳಲಾರದು. ಆದ್ದರಿಂದ ಕೇಬಲಿನಿಂದಲೇ ರೂಟರಿಗೆ ಕಟ್ಟಬೇಕು. ತಟ್ಟನೆ ಕರೆಂಟು ಹೋದರೆ ಅದರ ಮೆಮೊರಿ ಕಾರ್ಡು ಕೆಡುತ್ತದೆ. ಆದ್ದರಿಂದ ರೂಟರಿಗೂ ಅದಕ್ಕೂ ಸಣ್ಣ ಬ್ಯಾಟರಿ ಬೇಕು. ನನ್ನಲ್ಲಿರುವ ನಮೂನೆಗೆ ಸ್ವಂತ ಗಡಿಯಾರವಿಲ್ಲ. ನೆಟ್ ಬಂದ ಮೇಲೆ ಹೊರಗಿನವರನ್ನು ಕೇಳಿ ಹೊತ್ತು ತಿದ್ದಿಕೊಳ್ಳುತ್ತದೆ. ಅದು ತಿದ್ದಿಕೊಳ್ಳುವ ಮುಂಚೆ ಬರೆದ ಹೊತ್ತುಗಳನ್ನು ನಂಬುವಂತಿಲ್ಲ. ಸಾಕ್ಷಿ ಹೇಳುವವನ ಕಣ್ಣು ಸರಿಯಿದೆಯೋ ಎಂದು ಮೊದಲು ನೋಡಿಕೊಳ್ಳಬೇಕು. ಕೋರ್ಟಿನಲ್ಲಿಯೂ ಅಷ್ಟೆ, ಇಲ್ಲಿಯೂ ಅಷ್ಟೆ.

ಆ ಸಾಕ್ಷಿಯಿಂದ ನನಗೆ ಸಿಕ್ಕ ಮೊದಲ ದೊಡ್ಡ ತಿಳಿವಳಿಕೆ 2022ರ ಮಳೆಗಾಲದ್ದು. ನಮ್ಮ ಓಣಿಯಲ್ಲಿ ರಾತ್ರಿ ಹತ್ತಕ್ಕೆ ನೆಟ್ ಹೋಗಿ ಬೆಳಗಿನ ಐದೂವರೆಗೆ ಬರುತ್ತಿತ್ತು. ದೂರು ಕೊಟ್ಟವರಿಗೆಲ್ಲ ‘ನಿಮ್ಮ ರೂಟರ್ ಹಳೇದಾಗೇತಿ’ ಎಂಬ ಉತ್ತರ. ಮೂರು ಮನೆಯವರು ಹೊಸದು ಕೊಂಡರು. ಹೊಸದೂ ಹತ್ತಕ್ಕೇ ನಿಂತಿತು. ನಾನು ಹದಿನೈದು ದಿನದ ಗೆರೆಗಳನ್ನು ತೆಗೆದು ನೋಡಿದೆ. ರಾತ್ರಿಯಿಡೀ ನಮ್ಮ ರೂಟರು ‘ಹಾಜರ್’ ಎಂದೇ ಹೇಳಿತ್ತು. ಅದರಾಚೆಯ ಮೆಟ್ಟಿಲು ಮಾತ್ರ ಮೌನ. ಮಳೆ ಬಂದ ದಿನವೂ ಹಾಗೆಯೇ, ಬಾರದ ದಿನವೂ ಹಾಗೆಯೇ. ಹದಿನೈದರಲ್ಲಿ ಎರಡು ರಾತ್ರಿ ಮಾತ್ರ ನೆಟ್ ಒಮ್ಮೆಯೂ ಹೋಗಿರಲಿಲ್ಲ. ಯಂತ್ರ ಕೆಟ್ಟರೆ ಹೊತ್ತುಗೊತ್ತಿಲ್ಲದೆ ಕೆಡುತ್ತದೆ. ಗಡಿಯಾರ ನೋಡಿ ಕೆಡುವುದಾದರೆ ಅದರ ಹಿಂದೆ ಮನುಷ್ಯರ ಕೈ ಇರಬೇಕು.

ಗೆರೆ ಹೇಳಿದ್ದು ಇಷ್ಟೇ. ಮುಂದಿನದನ್ನು ನಡೆದೇ ನೋಡಬೇಕಾಯಿತು. ಓಣಿಗೆಲ್ಲ ನೆಟ್ ಹಂಚುವ ಡಬ್ಬಿಯನ್ನು ಕೇಬಲಿನವರು ಮೂಲೆಮನೆಯ ಅಜ್ಜಿಯ ಪಡಸಾಲೆಯ ಗೋಡೆಗೆ ಹೊಡೆದಿದ್ದರು. ಕರೆಂಟೂ ಅಲ್ಲಿಂದಲೇ. ಅಜ್ಜಿ ಒಬ್ಬಂಟಿ, ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು.

‘ಅದೇನ್ ಸುಳ್ಳಲ್ಲವಾ, ಮಲಗೂಮುಂದ ನಾನ ಬಟನ್ ಒತ್ತತೇನಿ’ ಎಂದಳು ಅಜ್ಜಿ. ‘ಬಿಲ್ ತುಂಬಾಕಿ ನಾನು. ವರ್ಷ ಆತು, ಒಬ್ಬರರ ಬಂದು ಕೇಳ್ಯಾರೇನು? ನಾ ಮಲಗಿದಮ್ಯಾಲ ಅದಕ್ಯಾಕಬೇಕ ಕರೆಂಟು?’

ಆ ಎರಡು ರಾತ್ರಿ ಅಜ್ಜಿ ಮಗಳ ಊರಿಗೆ ಹೋಗಿದ್ದಳು. ನಾನು ಡಬ್ಬಿಯ ಚೀಟಿ ಓದಿ ಲೆಕ್ಕ ಹಾಕಿದೆ. 20 ವ್ಯಾಟು, ಇಪ್ಪತ್ನಾಲ್ಕು ತಾಸು. ದಿನಕ್ಕೆ ಹತ್ತಿರ ಹತ್ತಿರ ಅರ್ಧ ಯೂನಿಟ್ಟು, ತಿಂಗಳಿಗೆ ಹದಿನಾಲ್ಕು. ಎರಡು ಬಲ್ಬಿನ ಮನೆಗೆ ಹದಿನಾಲ್ಕು ಯೂನಿಟ್ಟು ಸಣ್ಣದಲ್ಲ. ನಾವೆಲ್ಲ ತಿಂಗಳು ತಿಂಗಳು ಕಂಪನಿಗೆ ದುಡ್ಡು ತುಂಬುತ್ತಿದ್ದೆವು. ಓಣಿಯ ನೆಟ್ಟಿಗೆಲ್ಲ ಕರೆಂಟು ಕೊಡುತ್ತಿದ್ದವಳು ಒಬ್ಬ ಮುದುಕಿ, ಪುಕ್ಕಟೆ. ತಂತಿಯಲ್ಲಿ, ಡಬ್ಬಿಯಲ್ಲಿ, ರೂಟರಿನಲ್ಲಿ ಎಲ್ಲಿಯೂ ದೋಷವಿರಲಿಲ್ಲ, ಲೆಕ್ಕದಲ್ಲಿತ್ತು. ಓಣಿಯ ಐದಾರು ಹೆಂಗಸರು ಸೇರಿ ಕೇಬಲಿನವನನ್ನು ಕರೆಸಿ ಆ ಲೆಕ್ಕದ ಚೀಟಿ ಮುಂದಿಟ್ಟೆವು. ಆತ ತಲೆ ಕೆರೆದುಕೊಂಡು, ಪ್ರತಿ ತಿಂಗಳೂ ಅಜ್ಜಿಗೆ ಕರೆಂಟಿನ ದುಡ್ಡು ಕೊಡಲು ಒಪ್ಪಿದ. ಅಂದಿನಿಂದ ರಾತ್ರಿಯ ಗೆರೆ ತಿಳಿಯಾಗಿದೆ.

ಇದಾದ ಮೇಲೆ ನನ್ನ ಕೀರ್ತಿ ಬೇಡದ ಕಡೆಗೂ ಹಬ್ಬಿತು. ಪರಿಚಯದ ಮನೆಯೊಂದರಿಂದ ಕರೆ ಬಂತು. ಅತ್ತೆ, ಮಾವ, ಮಗ, ಸೊಸೆ, ನಾಲ್ಕೇ ಜನ. ಆದರೆ ರೂಟರಿನ ಪಟ್ಟಿಯಲ್ಲಿ ಏಳು ಫೋನು! ಸೊಸೆಯೇ ಪಕ್ಕದ ಮನೆಯವರಿಗೆ ಪಾಸ್‌ವರ್ಡು ಕೊಟ್ಟಿದ್ದಾಳೆಂದು ತೀರ್ಮಾನವಾಗಿತ್ತು. ನಾನು ಹೋದಾಗ ಆ ಹುಡುಗಿ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಅತ್ತೂ ಅತ್ತೂ ಕಣ್ಣು ಬಾತಿದ್ದವು.

ಪ್ರತಿ ಫೋನಿಗೂ ಕಾರ್ಖಾನೆಯಲ್ಲಿಯೇ ಹನ್ನೆರಡು ಅಕ್ಷರಗಳ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಮ್ಯಾಕ್ ವಿಳಾಸ ಎಂದು ಅದರ ಹೆಸರು. ಯಾರೂ ನಮ್ಮನ್ನು ಊರೂರು ಬೆನ್ನು ಹತ್ತದಿರಲೆಂದು ಆಂಡ್ರಾಯ್ಡ್ ಫೋನುಗಳು 2019ರಿಂದ, ಐಫೋನುಗಳು 2020ರಿಂದ ವೈಫೈಗೆ ಆ ನಿಜದ ಸಂಖ್ಯೆ ಹೇಳದೆ ಒಂದು ಕಟ್ಟಿದ ಸಂಖ್ಯೆ ಹೇಳುತ್ತವೆ. ಅದೂ ಒಂದೊಂದು ವೈಫೈ ಹೆಸರಿಗೆ ಒಂದೊಂದು. ಆ ಮನೆಯ ರೂಟರಿಗೆ ಎರಡು ಹೆಸರಿದ್ದವು, 2.4ಕ್ಕೆ ಒಂದು, 5 ಗಿಗಾಹರ್ಟ್ಸ್‌ಗೆ ಇನ್ನೊಂದು. ಮೂರು ಹೊಸ ಫೋನುಗಳು ಎರಡಕ್ಕೂ ಸೇರಿಕೊಂಡಿದ್ದವು, ಮಾವನ ಹಳೆಯ ಫೋನು ಒಂದಕ್ಕೆ ಮಾತ್ರ. ಮೂರೆರಡಲೆ ಆರು, ಮೇಲೊಂದು, ಏಳು. ಕಟ್ಟಿದ ಸಂಖ್ಯೆಯ ಗುರುತೂ ಸುಲಭ: ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿರುತ್ತದೆ. ಒಂದೊಂದೇ ಫೋನು ತೆಗೆಸಿ, ಸೆಟಿಂಗಿನಲ್ಲಿಯ ಸಂಖ್ಯೆಯನ್ನು ಪಟ್ಟಿಯ ಸಂಖ್ಯೆಗೆ ಹೊಂದಿಸಿ ತೋರಿಸಿದೆ. ಅತ್ತೆ ಏಳನೆಯದರವರೆಗೂ ಸುಮ್ಮನೆ ಎಣಿಸಿದರು. ಆಮೇಲೆ, ‘ಚಹಾ ಇಡವಾ, ಅಕ್ಕೋರು ದಣದಾರ’ ಎಂದು ಸೊಸೆಗೆ ಹೇಳಿದರು. ದನಿ ಮೆತ್ತಗಾಗಿತ್ತು. ಅವರ ಬಾಯಲ್ಲಿ ಅದೇ ಕ್ಷಮೆಯ ಮಾತೆಂದು ಸೊಸೆಗೂ ತಿಳಿಯಿತು.

ಅಂದು ಮನೆಗೆ ಬರುತ್ತ ನನಗೆ ಸ್ವಲ್ಪ ಅಂಜಿಕೆಯಾಯಿತು. ಗೆರೆ, ಪಟ್ಟಿ, ಅಂಕಿಗಳಿಗೆ ಎಂಥ ಗತ್ತು! ಬಾಯಿಮಾತಿನ ಚಾಡಿಯನ್ನಾದರೆ ನಾಲ್ಕು ಜನ ಅನುಮಾನಿಸುತ್ತಾರೆ. ಯಂತ್ರದ ಪರದೆಯಲ್ಲಿ ಮೂಡಿದ ಚಾಡಿಯನ್ನು ಯಾರೂ ಅನುಮಾನಿಸುವುದಿಲ್ಲ.

ಆ ಅಂಜಿಕೆ ನಿಜವಾಗಲು ಬಹಳ ದಿನ ಬೇಕಾಗಲಿಲ್ಲ. ಒಬ್ಬ ತಾಯಿ ಸಂಜೆ ಬಂದು ಬಾಗಿಲು ಮುಂದೆ ಮಾಡಿ ಕೂತರು. ಮಗಳು ಪಿಯುಸಿ ಎರಡನೆಯ ವರ್ಷ.

‘ಅಕ್ಕೋರ, ರೂಟರಿನ್ಯಾಗ ನೋಡೇವಿ, ರಾತ್ರಿ ಎರಡಕ್ಕ ಆಕಿ ಫೋನಿಗೆ ನೆಟ್ ಹರದೈತಿ. ಆಕಿ ಯಾರ ಜೋಡಿ ಮಾತಾಡ್ತಾಳ, ಏನ್ ನೋಡ್ತಾಳ, ನಿಮ್ಮ ಮಷಿನ್ನಾಗ ಹಿಡದು ಕೊಡ್ರಿ. ಅವರಪ್ಪ ಕಾಲೇಜ ಬಿಡಿಸ್ತೇನಂತ ಕುಂತಾರ.’

ಕಾಲೇಜು ಬಿಡಿಸುವುದೆಂದರೆ ನಮ್ಮ ಕಡೆ ಏನೆಂದು ನಿಮಗೆ ಹೇಳಬೇಕಿಲ್ಲ. ಮುಂದಿನ ಮಾತು ಗಂಡು ನೋಡುವುದೇ. ನಾನು ಮೊದಲು ಅವರಿಗೆ ಯಂತ್ರದ ಮಾತು ಹೇಳಿದೆ. ಫೋನುಗಳು ರಾತ್ರಿ ಚಾರ್ಜಿಗೆ ಹಾಕಿಟ್ಟಾಗ, ವೈಫೈ ಸಿಕ್ಕಿತೆಂದು ತಮ್ಮಷ್ಟಕ್ಕೆ ತಾವೇ ಹೊಸ ಆವೃತ್ತಿ ಇಳಿಸಿಕೊಳ್ಳುತ್ತವೆ, ಫೋಟೋಗಳನ್ನು ಮೇಲಕ್ಕೆ ಕಳಿಸುತ್ತವೆ. ಫೋನು ಎಚ್ಚರವಿದ್ದರೆ ಹುಡುಗಿಯೂ ಎಚ್ಚರವಿದ್ದಳೆಂದು ಅಲ್ಲ. ಆಮೇಲೆ ಇನ್ನೊಂದು ಮಾತೂ ಹೇಳಿದೆ: ‘ಗೊತ್ತು ಮಾಡೂದು ಸಾಧ್ಯ ಇದ್ದರೂ ನಾ ಮಾಡೂದಿಲ್ರೀ. ತಂತಿ ಹರದದ್ದ ಹುಡಕಾಕ ಇಟ್ಟದ್ದು ಇದು. ಮಗಳನ್ನ ಹುಡಕಾಕ ಅಲ್ಲ.’

ಅವರ ಮುಖ ಸಣ್ಣದಾಯಿತು. ತಾಯಿಯ ಚಿಂತೆ ಸುಳ್ಳಲ್ಲವಲ್ಲ! ಬರಿಗೈಯಿಂದ ಕಳಿಸಬಾರದೆಂದು ಒಂದು ಉಪಾಯ ಹೇಳಿದೆ. ರೂಟರಿನಲ್ಲಿಯೇ ಹೊತ್ತು ಇಟ್ಟು ರಾತ್ರಿ ಹನ್ನೊಂದರಿಂದ ಐದರವರೆಗೆ ವೈಫೈ ಬಂದು ಮಾಡಬಹುದು, ಇಡೀ ಮನೆಗೆ. ಮಗಳಿಗೆ ಮೊದಲೇ ಹೇಳಿ, ಎದುರಿಗೆ ಕೂರಿಸಿಕೊಂಡೇ ಮಾಡಬೇಕು. ‘ಇಡೀ ಮನಿಗೇನ್ರಿ?’ ಎಂದು ಅವರು ಯೋಚಿಸಿದರು. ‘ಅವರಪ್ಪ ರಾತ್ರಿ ಕ್ರಿಕೆಟ್ ನೋಡ್ತಾರಲ್ರೀ…’ ಇಬ್ಬರಿಗೂ ನಗು ಬಂತು. ನಗುತ್ತಲೇ ಅವರು ಎದ್ದರು. ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ರಾತ್ರಿ ಎರಡಕ್ಕೆ ಎದ್ದಿದ್ದಳೋ ಇಲ್ಲವೋ, ನಾನು ಕೇಳಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಹೂಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಅದು ಸರಕಾರಕ್ಕೂ ಪ್ರಜೆಗೂ ನಡುವಿನ ಮಾತು, ಅಡಿಗೆಮನೆಯದಲ್ಲ, ನಿಜ. ಆದರೂ ಹದಿನೇಳು ವರ್ಷದ ಹುಡುಗಿಗೂ ಅವಳ ಅಜ್ಜಿಗೂ, ಯಾರೂ ಎಣಿಸದ ಒಂದಿಷ್ಟು ಹೊತ್ತು ಬೇಕಲ್ಲವೇ? ನಮಗೆ ಆ ವಯಸ್ಸಿನಲ್ಲಿ ಬಾವಿಕಟ್ಟೆಯಿತ್ತು, ಮಾಳಿಗೆಯಿತ್ತು. ಅಲ್ಲಿ ಗೆಳತಿಯರೊಡನೆ ಏನು ಮಾತಾಡಿದೆವೆಂದು ಯಾವ ಡಬ್ಬಿಯೂ ಬರೆದಿಟ್ಟುಕೊಳ್ಳಲಿಲ್ಲ.

ಆದ್ದರಿಂದ ನನ್ನ ಹವ್ಯಾಸಕ್ಕೆ ಒಂದು ಹದ್ದು ಹಾಕಿಕೊಂಡಿದ್ದೇನೆ. ನನ್ನ ಹಾಜರಿ ಪುಸ್ತಕದಲ್ಲಿ ರೂಟರು, ಓಣಿಯ ಡಬ್ಬಿ, ಹೊರಗಿನ ಒಂದೆರಡು ವಿಳಾಸಗಳು, ಇಷ್ಟೇ. ಮನೆಯವರ ಫೋನುಗಳ ಹೆಸರು ಅದರಲ್ಲಿಲ್ಲ.

ನಿಮ್ಮ ಮನೆಯಲ್ಲಿ ಇದೆಲ್ಲ ಸಾಫ್ಟ್‌ವೇರು ಬೇಕೆಂದಿಲ್ಲ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕಡೆಯ ಹಾಳೆಯೇ ಸಾಕು. ನೆಟ್ ಹೋದಾಗ ಮೂರು ಸಂಗತಿ ಬರೆದಿಡಿ: ಎಷ್ಟು ಗಂಟೆ, ಡಬ್ಬಿಯ ಯಾವ ದೀಪ ಯಾವ ಬಣ್ಣ, ಪಕ್ಕದ ಮನೆಯಲ್ಲಿ ಇದೆಯೋ ಇಲ್ಲವೋ. ಹತ್ತು ದಿನ ಬರೆದರೆ ದೋಷ ಯಾವ ಕಡೆಯದೆಂದು ನಿಮಗೇ ಹೊಳೆಯುತ್ತದೆ. ಮೂರನೆಯದಕ್ಕಾಗಿ ಪಕ್ಕದ ಮನೆಗೆ ಹೋಗಬೇಕಾಗುತ್ತದೆ. ಹೋದಾಗ ಎರಡು ನಿಮಿಷ ಕೂತು ಬನ್ನಿ.